ಕೋಮಲ ಕುಡಿದ ಹಾಲು

ಭೋಜ ಗ್ರಾಮದ ರಾಜಮತಿಗೆ ಎಮ್ಮೆ ಸಾಕುವುದು ತವರಿನಿಂದ ಬಂದ ಪ್ರೀತಿ. ಮದುವೆಯಾದಾಗ ಅವಳ ಹಿಂದೆ ಬಂದ ಎಮ್ಮೆಯ ಸಂತತಿಯೇ ಕೊಟ್ಟಿಗೆ ತುಂಬಿತ್ತು. ಒಬ್ಬಳೇ ಮಗಳು ಕೋಮಲ ಚಿಕ್ಕವಳಿದ್ದಾಗ ಹಾಲು ಹಿಂಡುವ ಹೊತ್ತಿಗೆ ಬಟ್ಟಲು ಹಿಡಿದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂಡುತ್ತಿದ್ದಳು. ನೊರೆ ಹಾಲನ್ನು ಹಸಿಯಾಗಿಯೇ ಕುಡಿದು, ತುಟಿಯ ಮೇಲಿನ ಬಿಳಿ ಮೀಸೆ ತೋರಿಸಿ ನಗುತ್ತಿದ್ದಳು. ಮಗಳ ಮೈಗೆ ಹತ್ತಲೆಂದು ರಾಜಮತಿ ಇನ್ನಷ್ಟು ಬಗ್ಗಿಸುತ್ತಿದ್ದಳು.

ನಿಪ್ಪಾಣಿಯಲ್ಲಿ ಕಾಲೇಜು ಓದುವಾಗ ಕೋಮಲಳಿಗೆ ಹೊಟ್ಟೆನೋವು ಶುರುವಾಯಿತು. ಉಂಡದ್ದು ನಿಲ್ಲದು, ದಿನವೂ ಭೇದಿ. ಕೈಯ ಬಳೆ ಮೊಣಕೈತನಕ ಜಾರುವಷ್ಟು ಸೊರಗಿದಳು. ಮೊದಲು ಕರುಳಿನ ಕ್ಷಯವೆಂದು ಔಷಧ ಕೊಟ್ಟರು. ಆಮೇಲೆ ಮಿರಜಿನ ದೊಡ್ಡಾಸ್ಪತ್ರೆಯಲ್ಲಿ, ಇದು ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಎಂದರು. ಆಪರೇಷನ್ ಆಯಿತು, ನಂಜೇರಿತು. ಕೋಮಲ ಆಸ್ಪತ್ರೆಯಲ್ಲೇ ತೀರಿಕೊಂಡಳು.

ರಾಜಮತಿ ಅಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಎಮ್ಮೆ ಹಿಂಡಿದಳು. "ಎಂಥಾ ಕಲ್ಲೆದಿಯಾಕಿ" ಎಂದು ಓಣಿಯವರು ಆಡಿಕೊಂಡರು.

ಮುಂದಿನ ವರ್ಷ, ಕೋಮಲಳೇ ಹೆಸರಿಟ್ಟಿದ್ದ ಕಸ್ತೂರಿ ಎಂಬ ಎಮ್ಮೆ ಬಡಕಲಾಗತೊಡಗಿತು. ಮೇವು ಚೆನ್ನಾಗಿಯೇ ತಿನ್ನುತ್ತಿತ್ತು. ಸಗಣಿ ಮಾತ್ರ ನೀರಾಗಿ ಹೋಗುತ್ತಿತ್ತು. ದನದ ಡಾಕ್ಟರಾದ ಸಂದೇಶ ಅವರು ಸಗಣಿಯ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದ ದಿನ ತಾವೇ ಮನೆಗೆ ಬಂದರು.

"ಇದು ಜೋನ್ಸ್ ರೋಗ ಐತ್ರಿ ಅಕ್ಕಾರ. ಕ್ಷಯದ ಜಾತಿ ರೋಗಾಣು, ಕರುಳಿನ್ಯಾಗ ಕುಂತಿರತೈತಿ. ಎಮ್ಮಿ ಇನ್ನೂ ಕರಾ ಇದ್ದಾಗ ಹೊಕ್ಕಿದ್ದು ವರ್ಷಗಟ್ಟಲೆ ಆದಮ್ಯಾಲ ಕಾಣತೈತಿ. ಇದಕ್ಕ ಔಷಧ ಇಲ್ರಿ."

"ಕರಕ್ಕ ಹೆಂಗ ಹತ್ತತೈತ್ರಿ?"

"ಸಗಣಿಯಿಂದ್ರಿ. ಹಾಲಿನಿಂದನೂ."

ರಾಜಮತಿ ಮೇವಿನ ಗೋದಲಿ ಹಿಡಿದು ನಿಂತಳು. "ನಮ್ಮ ಕೋಮಲಗೂ ಹಿಂಗ ಆಗಿತ್ತಲ್ರಿ. ಹಸಿ ಹಾಲು ನಾನ ಕುಡಿಸೇನಿ. ಅದರಿಂದ ಬಂದಿರಬಹುದೇನ್ರಿ?"

ಸಂದೇಶ ತಡವರಿಸಿದರು. "ಹಂಗ ಅನ್ನಾಕ ಬರಂಗಿಲ್ರಿ. ಕೋಮಲಗ ಇದ್ದಂಥಾ ಬ್ಯಾನಿ ಆದ ಕೆಲವರ ಕರುಳಿನ್ಯಾಗ ಈ ರೋಗಾಣು ಸಿಕ್ಕೈತಿ, ಕೆಲವರಲ್ಲಿ ಸಿಕ್ಕಿಲ್ಲ. ಇದರಿಂದನ ಬರತೈತಿ ಅಂತ ಇನ್ನೂ ಯಾರೂ ಸಾಬೀತ ಮಾಡಿಲ್ಲ."

"ಬರಂಗಿಲ್ಲ ಅಂತ ಸಾಬೀತ ಮಾಡ್ಯಾರೇನ್ರಿ?"

"ಅದೂ ಇಲ್ರಿ," ಎಂದು ಅವರು ತಲೆ ತಗ್ಗಿಸಿದರು.

ಗಂಡ ಬಾಹುಬಲಿ, ಕಸ್ತೂರಿಯನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಡೋಣವೆಂದ.

"ಮತ್ತೊಬ್ಬರ ಮನ್ಯಾಗ ಇದನ್ನ ಕಟ್ಟಿ ಬರತೀರೇನು? ಅಲ್ಲಿ ಕರಾ ಇರಂಗಿಲ್ಲೇನು, ಕೂಸು ಇರಂಗಿಲ್ಲೇನು?" ಎಂದಳು ರಾಜಮತಿ.

ಅವನು ಮತ್ತೆ ಆ ಮಾತೆತ್ತಲಿಲ್ಲ. ಕಸ್ತೂರಿಯನ್ನು ಹಿತ್ತಲಲ್ಲಿ ಬೇರೆ ಕಟ್ಟಿದರು. ಅದು ಮೇಲೇಳಲಾರದಾದಾಗ ರಾಜಮತಿ ಬಾಯಿಗೆ ಮೇವು ಹಿಡಿದಳು, ಹಿಂಭಾಗ ತೊಳೆದಳು, ಗಂಡನನ್ನು ಕರೆದು ಮಗ್ಗುಲು ಹೊರಳಿಸಿದಳು. ಮಿರಜಿನಲ್ಲಿ ಮಗಳಿಗೂ ಇದನ್ನೆಲ್ಲ ಮಾಡಿದ್ದಳು.

ಕಬ್ಬು ಕಡಿಯುವ ಕಾಲದ ಒಂದು ಮಧ್ಯಾಹ್ನ ಕಸ್ತೂರಿ ಸತ್ತಿತು. ಆಳವಾದ ಗುಂಡಿಗೆ ಇಳಿಸಿ, ಸುಣ್ಣ ಸುರಿದು, ಬಾಹುಬಲಿ ಮಣ್ಣೆಳೆಯುತ್ತಿದ್ದಾಗ ರಾಜಮತಿ ಒಮ್ಮೆಲೇ ಕುಸಿದು ಕುಳಿತಳು. "ಕುಡೀಬ್ಯಾಡ ನನ್ನವ್ವಾ, ಕುಡೀಬ್ಯಾಡ" ಎಂದು ಎದೆ ಬಡಿದುಕೊಂಡು ಕೂಗಿ ಕೂಗಿ ಅತ್ತಳು.

ನೆರೆಮನೆಯ ಕಮಲಾಬಾಯಿ ಓಡಿ ಬಂದಳು. "ಒಂದ ಎಮ್ಮಿ ಸಲುವಾಗಿ ಇಷ್ಟ ಅಳತಾರೇನ ಬೇ?"

ಬಾಹುಬಲಿ ಸಲಿಕೆ ಕೆಳಗಿಟ್ಟು ಹೆಂಡತಿಯ ಪಕ್ಕ ಮಣ್ಣಿನ ಮೇಲೆ ಕುಳಿತ. ಅವನ ಕಣ್ಣುಗಳೂ ತುಂಬಿದ್ದವು.

"ಅಳಲಿ ಬಿಡ್ರಿ ವೈನಿ," ಎಂದ.