ಬೆಡ್‌ಶೀಟಿನ ಮೇಲೆ ಬಂದ ಅಪವಾದ

ದೊಡ್ಡ ಲಾಡ್ಜೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ‘ಇಸ್ತ್ರಿ’ ಎಂದೇ ಕರೆಯುತ್ತಿದ್ದರು. ಅವಳ ಮಾತೂ ಹಾಗೆಯೇ, ಸುಕ್ಕಿಲ್ಲದ್ದು, ತುಸು ಬಿಸಿ. ಐದು ತಿಂಗಳ ಬಸುರಿಯಾದ ಮೇಲೆ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಓರೆಯಾಗಿ ನಿಂತು ಬೆಡ್‌ಶೀಟಿನ ಮೂಲೆಗೆ ಮೂಲೆ ಕೂಡಿಸುವುದನ್ನು ರೂಢಿ ಮಾಡಿಕೊಂಡಿದ್ದಳು.

ಬಸುರಿಯರ ರಕ್ತ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದಳು. ಫಲಿತಾಂಶದ ದಿನ ನರ್ಸು ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನಿನ್ನ ರಕ್ತದಲ್ಲಿ ಸಿಫಿಲಿಸ್ ಅಂತ ಒಂದು ಸೋಂಕಿದೆ ಕಣಮ್ಮ. ಹೆದರಬೇಡ, ಇಂಜೆಕ್ಷನ್ ಇದೆ. ವಾರಕ್ಕೊಂದರಂತೆ ಮೂರು.”

“ನಂಗೇನೂ ಆಗಿಲ್ವಲ್ಲ ಸಿಸ್ಟರ್? ಜ್ವರ ಇಲ್ಲ, ನೋವಿಲ್ಲ.”

“ಅದೇ ಇದರ ಕಳ್ಳಾಟ. ಮೊದಲು ಒಂದು ಹುಣ್ಣಾಗುತ್ತೆ, ನೋಯಲ್ಲ. ತಾನಾಗೇ ಮಾಯುತ್ತೆ. ಹೋಯ್ತು ಅಂದ್ಕೋತೀವಿ, ಅದು ಒಳಗೇ ಕೂತಿರುತ್ತೆ. ಕೂಡಿದಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ಹೊಟ್ಟೆಯಲ್ಲಿರೋ ಮಗುಗೂ ದಾಟಬಹುದು.”

ಮೊದಲ ಇಂಜೆಕ್ಷನ್ ಅಲ್ಲೇ ಆಯಿತು. ಸೊಂಟ ಹಿಡಿದುಕೊಂಡೇ ಮನೆಗೆ ಬಂದು ಗಂಡನಿಗೂ ಅತ್ತೆಗೂ ವಿಷಯ ಹೇಳಿದಳು. ಅತ್ತೆ ಕ್ಷಣ ಹೊತ್ತೂ ಯೋಚಿಸಲಿಲ್ಲ.

“ಇನ್ನೆಲ್ಲಿಂದ ಬರುತ್ತೆ? ಆ ಲಾಡ್ಜಿನ ಬೆಡ್‌ಶೀಟಿಂದಾನೇ! ಯಾರ್ಯಾರು ಮಲಗೆದ್ದು ಹೋಗಿರ್ತಾರೋ!”

“ಹೂಂ, ಅದೇ ಇರ್ಬೇಕು,” ಎಂದು ಗಂಡ ತಕ್ಷಣ ತಲೆಯಾಡಿಸಿದ.

ಲಿಫ್ಟ್ ರಿಪೇರಿ ಮಾಡುವ ಆತ ಯಾವ ಮಾತಿಗೂ ಅಷ್ಟು ಬೇಗ ಹೂಂಗುಟ್ಟುವ ಪೈಕಿಯವನಲ್ಲ. ಅವಳು ಅವನ ಮುಖ ನೋಡಿದಳು, ಅವನು ಬೇರೆ ಕಡೆ ತಿರುಗಿಕೊಂಡ. ಆದರೂ ಆ ನೆಪ ಹಿತವಾಗಿತ್ತು. ತಪ್ಪನ್ನು ಬೆಡ್‌ಶೀಟಿನ ಮೇಲೆ ಹಾಕಿಬಿಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅವಳು ಸುಮ್ಮನಾದಳು.

ಮರುದಿನ ಕೆಲಸಕ್ಕೆ ಹೋದರೆ, ಬಟ್ಟೆ ಒಗೆಯುವ ದೊಡ್ಡಕ್ಕ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಿಂತಿದ್ದಳು. “ನಿಮ್ಮತ್ತೆ ಸಿಕ್ಕಿದ್ರು ಕಣೇ. ಬೆಡ್‌ಶೀಟಿಂದ ಏನೋ ರೋಗ ಬರುತ್ತಂತೆ? ನಂಗೆ ಕೈಕಾಲೇ ಆಡ್ತಿಲ್ಲ. ನಾಳೆಯಿಂದ ಕೆಲಸ ಬಿಟ್ಬಿಡ್ಲಾ?”

ಮೂವತ್ತು ವರ್ಷದಿಂದ ಆ ಕೆಲಸವನ್ನೇ ನಂಬಿದ್ದವಳು. ಇಸ್ತ್ರಿಗೆ ತಡೆಯಲಾಗಲಿಲ್ಲ. ಊಟದ ಬಿಡುವಿನಲ್ಲಿ ಆಸ್ಪತ್ರೆಗೆ ಓಡಿ ನರ್ಸನ್ನು ಕೇಳಿಕೊಂಡು ಬಂದಳು.

“ಬಿಚ್ಚು ಆ ಚೀಲ,” ಎಂದಳು. “ಬೆಡ್‌ಶೀಟಿಂದ ಬರಲ್ಲ. ತಟ್ಟೆ ಲೋಟದಿಂದ ಬರಲ್ಲ, ಕಕ್ಕಸಿಂದಾನೂ ಬರಲ್ಲ. ಅದು ಬರೋದು ಮನುಷ್ಯರಿಂದ. ನಂಗೆ ಬಂದಿದೆ, ನಂಗೊತ್ತು.”

ದೊಡ್ಡಕ್ಕ ಚೀಲ ಬಿಚ್ಚಿ, ಅವಳ ಬೆನ್ನ ಮೇಲೆ ಒದ್ದೆ ಕೈ ಇಟ್ಟಳು.

ಅಲ್ಲಿ ಬಾಯಿಬಿಟ್ಟು ಹೇಳಿದ ಮೇಲೆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಸಂಜೆ ಗಂಡನ ಎದುರು ಕೂತಳು.

“ರೀ, ಜಗಳ ಆಮೇಲೆ ಆಡೋಣ, ಅದಕ್ಕೆ ಜೀವಮಾನ ಇದೆ. ನೀವೂ ಸೂಜಿ ಹಾಕಿಸ್ಕೊಳ್ದೆ ಇದ್ರೆ ನಿಮ್ಮಿಂದ ನಂಗೆ ಮತ್ತೆ ಬರುತ್ತಂತೆ. ಆಮೇಲೆ ಮಗು ಗತಿ?”

ಅವನು ಬಹಳ ಹೊತ್ತು ಕೈಬೆರಳ ಗ್ರೀಸು ಒರೆಸುತ್ತಲೇ ಇದ್ದ. “ಹೋದ ವರ್ಷ ಮೂರು ತಿಂಗಳು ಹೊರಗೆ ಕೆಲಸ ಇತ್ತಲ್ಲ. ಅಲ್ಲಿ ಕ್ಯಾಂಟೀನಿನವಳು ಒಬ್ಬಳು… ಆಮೇಲೆ ಹುಣ್ಣಾಗಿತ್ತು. ಉಷ್ಣಕ್ಕೆ ಅಂದ್ಕೊಂಡೆ. ಮಾಯ್ತು, ಮರೆತೆ.”

ಗೊತ್ತಿದ್ದ ಮಾತೇ. ಆದರೂ ಕಿವಿಯಾರೆ ಕೇಳಿದಾಗ ಅವಳಿಗೆ ಅಳು ಉಕ್ಕಿ ಬಂತು. ಅತ್ತು, ಮೂಗೊರೆಸಿಕೊಂಡು, “ಅವಳಿಗೂ ಫೋನ್ ಮಾಡಿ ಹೇಳಿ,” ಎಂದಳು.

“ಯಾರಿಗೆ?”

“ಇನ್ಯಾರಿಗೆ? ಅವಳಿಗೂ ಗೊತ್ತಿರಲ್ಲ, ಪಾಪ. ನಂಗೆ ಗೊತ್ತಿತ್ತಾ?”

ಅವನು ಫೋನ್ ಹಿಡಿದು ತೊದಲುತ್ತಿದ್ದಾಗ ಅವಳು ಅಡುಗೆಮನೆಗೆ ಹೋಗಿ, ಕೇಳಿಸದಿರಲೆಂದು ನಲ್ಲಿ ಬಿಟ್ಟಳು. ಸ್ವಲ್ಪ ಹೊತ್ತಿಗೆ, ಕೇಳಿಸಲೆಂದು ನಿಲ್ಲಿಸಿದಳು. ಫೋನಿನ ಆ ಕಡೆಯಿಂದ ಮೊದಲು ಬೈಗುಳ, ಆಮೇಲೆ ಅಲ್ಲೂ ಅಳು. ಮುಂದಿನ ವಾರ ಆ ಹೆಂಗಸೇ ಫೋನ್ ಮಾಡಿದಳು. ಅವಳ ರಕ್ತದಲ್ಲೂ ಸಿಕ್ಕಿತ್ತು, ಚಿಕಿತ್ಸೆ ಶುರುವಾಗಿತ್ತು.

ಗಂಡನ ಪರೀಕ್ಷೆಯೂ ಆಗಿ, ಮುಂದಿನ ಇಂಜೆಕ್ಷನ್ನುಗಳಿಗೆ ಗಂಡ ಹೆಂಡತಿ ಜೊತೆಗೇ ಹೋದರು. ಹತ್ತಂತಸ್ತಿನ ಮೇಲೆ ಹಗ್ಗಕ್ಕೆ ನೇತಾಡಿ ಕೆಲಸ ಮಾಡುವವನು ಸೂಜಿ ಕಂಡರೆ ಬೆವರುತ್ತಿದ್ದ. ವಾಪಸು ಬರುವಾಗ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಕುಂಟುತ್ತಿದ್ದರು. ಕಡೆಯ ಸಲ ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನಗಲು ಧೈರ್ಯ ಸಾಲದೆ ನೆಲ ನೋಡಿದ.

ಹೆಣ್ಣು ಮಗು ಹುಟ್ಟಿತು. ರಕ್ತ ಪರೀಕ್ಷೆ ಮಾಡಿ ಡಾಕ್ಟರು ಏನೂ ತೊಂದರೆಯಿಲ್ಲ ಎಂದರು. ಕೆಲವು ತಿಂಗಳು ತಪ್ಪದೆ ತೋರಿಸುತ್ತಿರಿ ಎಂದರು. ಮಗುವನ್ನು ಮೊದಲು ಎತ್ತಿಕೊಂಡ ಅತ್ತೆ, ಸೊಸೆಯ ಕಡೆ ನೋಡದೆ, “ನಿನ್ನಿಂದ ಉಳೀತು ಕಣೇ,” ಎಂದರು.

ಹಾಸಿಗೆ ಬಹಳ ದಿನ ಬೇರೆಯೇ ಇತ್ತು. ಗಂಡ ಹೊರಗಿನ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟ. ಬಿಡಿ ಎಂದು ಅವಳು ಹೇಳಿರಲಿಲ್ಲ. ಕ್ಷಮಿಸಿದ್ಯಾ ಎಂದು ದೊಡ್ಡಕ್ಕ ಒಮ್ಮೆ ಕೇಳಿದ್ದಕ್ಕೆ, “ಅರ್ಧ ಆಗಿದೆ,” ಎಂದಳು. “ಇನ್ನರ್ಧ ನೋಡೋಣ.”