ಅತ್ತೆ ಹೇಳಿದ ಬಣ್ಣ

ಟೈರ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ, ಒಂದೇ ಒಂದು ಕಾರು ಮೂತಿ ತೂರಿಸಿ ನಿಲ್ಲುವಷ್ಟು ಅಗಲದ ಶೆಡ್ಡಿನಲ್ಲಿ ವೈರಣ್ಣನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದೀಗ ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ. ಇಪ್ಪತ್ತು ವರ್ಷ ದಾಟಿದ ಕಾರುಗಳೆಂದರೆ ಅವನಿಗೆ ಜೀವ. ಎಂಜಿನ್ ಬಿಚ್ಚುವುದಿಲ್ಲ, ಗೇರಿಗೆ ಕೈ ಹಾಕುವುದಿಲ್ಲ. ಕೂಗದ ಹಾರ್ನು, ಅರ್ಧಕ್ಕೆ ನಿಂತ ವೈಪರು, ಇಳಿದ ಮೇಲೆ ಏರಲೊಲ್ಲದ ಕಿಟಕಿ, ಒಂದು ಬದಿ ಮಾತ್ರ ಕಣ್ಣು ಮಿಟುಕಿಸುವ ಇಂಡಿಕೇಟರು, ಇಂಥ ಚಿಲ್ಲರೆ ಕಾಯಿಲೆಗಳ ವೈದ್ಯ ಅವನು. ಪಕ್ಕದಲ್ಲಿ ದಿಂಬು ಹಾಕಿದ ಎತ್ತರದ ಸ್ಟೂಲಿನ ಮೇಲೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿರುವ ಹಿರಿಯ ಹೆಂಗಸನ್ನು ಹೊಸಬರು ಗಿರಾಕಿ ಎಂದೇ ತಿಳಿಯುತ್ತಾರೆ. ಆಕೆ ಅವನ ಹೆಂಡತಿಯ ತಾಯಿ.

"ಇವ್ರು ಯಾರು?" ಎಂದು ಯಾರಾದರೂ ಕೇಳಿದರೆ ವೈರಣ್ಣ ತಲೆ ಎತ್ತದೆ ಹೇಳುತ್ತಾನೆ: "ನಮ್ಮತ್ತೆ. ಬಣ್ಣದ ಇಲಾಖೆ ಅವರದು."

ಕೇಳಿದವರು ತಮಾಷೆ ಅಂದುಕೊಂಡು ನಗುತ್ತಾರೆ. ಅದು ತಮಾಷೆಯಲ್ಲ. ವೈರಣ್ಣನಿಗೆ ಹುಟ್ಟಿನಿಂದಲೇ ಕೆಂಪು, ಹಸಿರು, ಕಂದು ಮೂರೂ ಒಂದೇ. ಮೂರೂ ಒದ್ದೆ ಮಣ್ಣಿನ ಹಾಗೆ ಕಾಣುತ್ತವೆ. ಬಣ್ಣಬಣ್ಣದ ತಂತಿಗಳ ಮೇಲೆಯೇ ನಿಂತ ಕಸುಬನ್ನು ಇಂಥವನು ಹಿಡಿದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಚಿಕ್ಕಂದಿನಲ್ಲಿ ಕೆಟ್ಟ ಟಾರ್ಚು ರಿಪೇರಿ ಮಾಡಿ ಹೊತ್ತಿಸಿದಾಗ ಆದ ಖುಷಿ ಅವನನ್ನು ಕೈಹಿಡಿದು ಎಳೆದುಕೊಂಡು ಬಂತು, ಅಷ್ಟೆ. ಶಾಲೆಯಲ್ಲಿ ಕಂದು ಎಲೆಗಳ ಮರ ಬರೆದು ಬೈಸಿಕೊಂಡಾಗಲೇ ತನ್ನಲ್ಲೇನೋ ಊನವಿದೆ ಎಂದು ಅವನಿಗೆ ತಿಳಿದಿತ್ತು. ತಿಳಿದದ್ದನ್ನು ಯಾರಿಗೂ ಹೇಳಲಿಲ್ಲ. ಮದುವೆಯಾದ ಮೇಲೆ ಹೆಂಡತಿಗೂ ಹೇಳಲಿಲ್ಲ.

ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ದುಡಿದ. ತಂತಿಯ ಬಣ್ಣ ನೋಡುವ ಬದಲು ಪ್ರತಿಯೊಂದಕ್ಕೂ ಟೆಸ್ಟ್ ಲ್ಯಾಂಪಿನ ಮೊನೆ ತಾಗಿಸುತ್ತಿದ್ದ. ಕರೆಂಟಿದ್ದರೆ ಹಿಡಿಕೆಯೊಳಗಿನ ಪುಟ್ಟ ಬಲ್ಬು ಹೊತ್ತುತ್ತಿತ್ತು, ಇಲ್ಲದಿದ್ದರೆ ಇಲ್ಲ. ಉಳಿದವರು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ಅವನಿಗೆ ಇಪ್ಪತ್ತು ಬೇಕಾಗುತ್ತಿತ್ತು, ಆದರೆ ಅವನು ಮುಟ್ಟಿದ ಕಾರು ಅದೇ ತಕರಾರಿಗೆ ಮತ್ತೆ ಬಂದದ್ದಿಲ್ಲ. ಒಂದು ದಿನ ಮಾತ್ರ ಅವಸರ ಮೈಮೇಲೆ ಬಂತು. ಗಿರಾಕಿ ಕಾಯುತ್ತಿದ್ದ. ಫೋರ್‌ಮನ್ ಆಚೆಯಿಂದ, "ಕೆಂಪಿಗೆ ಕೆಂಪು ಸೇರ್ಸಿ ಕಳ್ಸಪ್ಪ ಬೇಗ" ಎಂದು ಕೂಗಿದ. ವೈರಣ್ಣ ಊಹೆಯ ಮೇಲೆ ಸೇರಿಸಿದ. ಅವನು ಸೇರಿಸಿದ್ದು ಹಸಿರನ್ನು, ಆ ಕಾರಿನಲ್ಲಿ ನೇರ ಮೈಗೆ ಹೋಗುವ ಅರ್ತ್ ತಂತಿಯನ್ನು. ಹಾರಬೇಕಿದ್ದ ಫ್ಯೂಸಿನ ಜಾಗದಲ್ಲಿ ಹಿಂದೆ ಯಾರೋ ಪುಣ್ಯಾತ್ಮ ದಪ್ಪ ತಂತಿ ಸಿಕ್ಕಿಸಿ ಕೈತೊಳೆದುಕೊಂಡಿದ್ದ. ಡ್ಯಾಶ್‌ಬೋರ್ಡಿನ ಸಂದುಗಳಿಂದ ಹೊಗೆ ಎದ್ದಿತು.

ಯಾರಿಗೂ ಏನೂ ಆಗಲಿಲ್ಲ. ಬ್ಯಾಟರಿ ಕಳಚಿ ಹೊಗೆ ಅಡಗಿದ ಮೇಲೆ ಫೋರ್‌ಮನ್ ಅವನನ್ನು ಪಕ್ಕಕ್ಕೆ ಕರೆದು, ಕೈಯಲ್ಲಿದ್ದ ಒರೆಸುವ ಬಟ್ಟೆ ಎತ್ತಿ ಹಿಡಿದ.

"ಇದ್ಯಾವ ಬಣ್ಣ?"

ವೈರಣ್ಣ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ.

"ನಂಗೆ ಬಹಳ ದಿನದಿಂದ ಅನುಮಾನ ಇತ್ತು ಕಣಯ್ಯಾ," ಎಂದ ಫೋರ್‌ಮನ್, ಸಣ್ಣ ದನಿಯಲ್ಲಿ. "ಯಾರಿಗೂ ಹೇಳಲ್ಲ. ಆದ್ರೆ ಇಲ್ಲಿ ಇನ್ನು ಇಟ್ಕೊಳೋಕಾಗಲ್ಲ. ನಾಳೆ ಯಾರಾದ್ರೂ ಒಳಗೆ ಕೂತಿದ್ದಾಗ ಹೀಗಾದ್ರೆ?"

ಆ ಮಾತು ನ್ಯಾಯವಾದದ್ದೇ. ನ್ಯಾಯವಾದದ್ದು ಎಂಬುದೇ ವೈರಣ್ಣನಿಗೆ ಹೆಚ್ಚು ಚುಚ್ಚಿತು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಹನ್ನೊಂದು ದಿನ ಎಂದಿನಂತೆ ಬುತ್ತಿ ಹಿಡಿದು ಹೊರಟು, ವಾಚನಾಲಯದ ಹಿಂದಿನ ಬೆಂಚಿನಲ್ಲಿ ಕೂತು, ಎಂದಿನ ಹೊತ್ತಿಗೆ ಮರಳಿದ. ಹೆಂಡತಿ ಆಸ್ಪತ್ರೆಯ ರಿಜಿಸ್ಟ್ರಿ ಕೆಲಸದಿಂದ ಸೋತು ಬರುತ್ತಿದ್ದಳು. ಅವನ ಮುಖ ನೋಡುವ ವ್ಯವಧಾನ ಅವಳಿಗಿರಲಿಲ್ಲ. ಆ ವ್ಯವಧಾನ ಇದ್ದದ್ದು ಅತ್ತೆಗೆ. ಅವರು ಮೂವತ್ತೆಂಟು ವರ್ಷ ಕಸೂತಿ ನೂಲಿನ ಅಂಗಡಿ ನಡೆಸಿ, ಮಂಡಿನೋವಿಗೆ ಸೋತು ಅದನ್ನು ಮುಚ್ಚಿ, ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಒಂದು ಗುಂಡಿಯ ಜೊತೆಗೆ ಹೊಂದುವ ನೂಲನ್ನು ಮುನ್ನೂರು ಉಂಡೆಗಳ ನಡುವಿನಿಂದ ಕಣ್ಣೆತ್ತಿದ ಕೂಡಲೇ ತೆಗೆಯುತ್ತಿದ್ದ ಹೆಂಗಸು. ಕೆಂಪು ಎಂಬ ಒಂದೇ ಮಾತಿಗೆ ಅವರಲ್ಲಿ ಹದಿನಾಲ್ಕು ಹೆಸರಿದ್ದವು.

ಹನ್ನೆರಡನೆಯ ದಿನ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಕೋಣೆಯೊಳಗಿಂದಲೇ ಕರೆದರು.

"ಅಳಿಯಂದ್ರೇ, ಮೇಜಿನ ಮೇಲೆ ಕೆಂಪು ನೂಲಿನುಂಡೆ ಇದೆ, ಕೊಡಿ ಇಲ್ಲಿ."

ಮೇಜಿನ ಮೇಲೆ ಎರಡು ಉಂಡೆಗಳಿದ್ದವು. ವೈರಣ್ಣ ಒಂದನ್ನು ಎತ್ತಿದ, ಇಟ್ಟ, ಇನ್ನೊಂದನ್ನು ಎತ್ತಿ ಒಯ್ದು ಕೊಟ್ಟ. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡರು.

"ಇದು ಪಾಚಿ ಹಸಿರು. ನಿಮ್ಗೆ ಬಣ್ಣ ಕಾಣಲ್ಲ, ಅಲ್ವಾ?"

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ವೈರಣ್ಣ ಅಲ್ಲೇ ನೆಲದ ಮೇಲೆ ಕೂತ. ಶಾಲೆಯ ಮರದಿಂದ ಹಿಡಿದು ಡ್ಯಾಶ್‌ಬೋರ್ಡಿನ ಹೊಗೆಯವರೆಗೆ ಎಲ್ಲವೂ ಒಂದೇ ಉಸಿರಿನಲ್ಲಿ ಹೊರಬಂತು. ಎಲ್ಲ ಮುಗಿದ ಮೇಲೆ ಅತ್ತೆ, "ಮದುವೆ ದಿನ ಒಂದ್ ಕಾಲಿಗೆ ಕಂದು, ಒಂದ್ ಕಾಲಿಗೆ ಹಸಿರು ಸಾಕ್ಸ್ ಹಾಕ್ಕೊಂಡು ಬಂದಿದ್ರಲ್ಲ, ಅವತ್ತೇ ಗೊತ್ತಾಯ್ತು ನಂಗೆ," ಎಂದರು. "ನೂಲು ಮಾರೋಳಿಗೆ ಎಂಥ ಅಳಿಯ ಸಿಕ್ಕಿದ್ನಪ್ಪಾ ಅಂತ ಒಳಗೊಳಗೇ ನಕ್ಕಿದ್ದೆ."

ಅಳುತ್ತಿದ್ದವನಿಗೆ ನಗು ಬಂತು. ನಗುತ್ತಲೇ ಇನ್ನಷ್ಟು ಅತ್ತ.

"ಕರೆಂಟು ನಿಮ್ಗೆ ಗೊತ್ತು, ಬಣ್ಣ ನಂಗೆ ಗೊತ್ತು," ಎಂದರು ಅತ್ತೆ. "ಒಂದ್ ಜಾಗ ನೋಡಿ. ಮಂಡಿ ಬಗ್ಗಲ್ಲ ನಂದು, ಎತ್ತರದ ಸ್ಟೂಲು ಬೇಕು."

ಆ ರಾತ್ರಿ ಹೆಂಡತಿಗೂ ವಿಷಯ ತಿಳಿಯಿತು. ಶೆಡ್ಡು ಸಿಕ್ಕಿದ್ದು ಹಾಗೆ. ಮೊದಲ ತಿಂಗಳು ಅತ್ತೆ ನೂಲಂಗಡಿಯ ಭಾಷೆಯಲ್ಲೇ ಬಣ್ಣ ಹೇಳಿದರು: "ಇದು ಕುಂಕುಮ, ಇದು ಗಿಳಿರೆಕ್ಕೆ, ಇದು ನವಿಲುಗತ್ತು." "ಅತ್ತೆ, ಬರೀ ಹಸಿರು ಅಂದ್ರೆ ಸಾಕು," ಎಂದು ವೈರಣ್ಣ ಗೋಗರೆದ. "ಬರೀ ಹಸಿರು ಅಂತ ಲೋಕದಲ್ಲಿ ಯಾವ್ದೂ ಇಲ್ಲ," ಎಂದು ಅವರು ಗದರಿದರು. ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಗಟ್ಟಿ ದಾರದ ತುಂಡುಗಳನ್ನು ತಂದು ಪ್ರತಿ ತಂತಿಗೂ ಕಟ್ಟಿದರು: ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ಕಂದಿಗೆ ಮೂರು. ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ, ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಗಂಟು ಎಣಿಸುವುದು ವೈರಣ್ಣನಿಗೆ ರೂಢಿಯಾಯಿತು. ಜೊತೆಗೆ ಅತ್ತೆ ಒಂದು ಕಟ್ಟಳೆ ಮಾಡಿದರು. ತಾವು ಹೇಳಿದ್ದನ್ನೂ ಲ್ಯಾಂಪಿಗೆ ತೋರಿಸದೆ ನಂಬಕೂಡದು.

ಅವರ ಹೆಸರು ನಾಲ್ಕು ಬೀದಿ ದಾಟಿದ್ದು ಸಂಗೀತ ಟೀಚರಮ್ಮನ ಬಿಳಿ ಕಾರಿನಿಂದ. ಟೀಚರಮ್ಮ ಬ್ರೇಕು ತುಳಿದರೆ ಹಿಂದಿನ ಬಲಬದಿಯ ಇಂಡಿಕೇಟರು ಮಂಕಾಗಿ ಹೊತ್ತುತ್ತಿತ್ತು, ಬ್ರೇಕಿನ ಕೆಂಪು ದೀಪವೋ ಅರೆಜೀವವಾಗಿರುತ್ತಿತ್ತು. "ನಿಲ್ಲೋಕೆ ಹೋದ್ರೆ ತಿರುಗ್ತೀನಿ ಅಂತ ಹೇಳುತ್ತೆ ನನ್ ಕಾರು. ಹಿಂದಿನವರು ಬಾಯಿಗೆ ಬಂದಂಗೆ ಬೈತಾರೆ," ಎಂದು ಆಕೆ ಗೋಳು ತೋಡಿಕೊಂಡರು. ಮೂರು ಕಡೆ ತೋರಿಸಿದ್ದರಂತೆ. ಒಬ್ಬ ಬಲ್ಬು ಬದಲಿಸಿದ, ಒಬ್ಬ ಸ್ವಿಚ್ಚು, ಮೂರನೆಯವನು ಕಾರನ್ನೇ ಬದಲಿಸಿ ಎಂದ.

ವೈರಣ್ಣ ಬ್ಯಾಟರಿಯ ಮೈನಸ್ಸಿನಿಂದ ಉದ್ದದ ತಂತಿಯೊಂದನ್ನು ಹಿಂದಿನವರೆಗೆ ಎಳೆದು ದೀಪದ ಬುಡಕ್ಕೆ ತಾಗಿಸಿದ. "ಈಗ ತುಳೀರಿ ಟೀಚರಮ್ಮ." ಬ್ರೇಕಿನ ದೀಪ ಝಗ್ಗನೆ ಹೊತ್ತಿತು, ಇಂಡಿಕೇಟರು ಸುಮ್ಮನಾಯಿತು. ಅಲ್ಲಿಗೆ ಕಾಯಿಲೆ ಸಿಕ್ಕಿತು: ಕರೆಂಟಿಗೆ ಮರಳಿ ಹೋಗಲು ದಾರಿಯಿಲ್ಲ, ಅದಕ್ಕೇ ಪಕ್ಕದ ಬಲ್ಬಿನ ಮನೆಯೊಳಗೆ ನುಗ್ಗಿ ಹೋಗುತ್ತಿದೆ. ಅರ್ತ್ ತಂತಿ ಎಲ್ಲೋ ಕೈಕೊಟ್ಟಿದೆ. ಆದರೆ ಡಿಕ್ಕಿಯೊಳಗೆ ನೋಡಿದರೆ ತಂತಿ ಹೊಸದು, ಬೋಲ್ಟು ಗಟ್ಟಿ, ತುಕ್ಕಿನ ಸುಳಿವಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡ.

ಅತ್ತೆ ಸ್ಟೂಲಿನಿಂದ ಇಳಿದು, ಕೋಲೂರಿ ಬಂದು, ಡಿಕ್ಕಿಯೊಳಗೆ ಇಣುಕಿದರು.

"ಈ ಬಿಳಿ ಆ ಬಿಳಿ ಅಲ್ಲ."

"ಯಾವ ಬಿಳಿ ಅತ್ತೆ?"

"ಈ ಮೂಲೇದು ಹಾಲು. ಉಳಿದಿದ್ದೆಲ್ಲ ದಂತ. ಇಲ್ಲಿ ಯಾರೋ ಆಮೇಲೆ ಬಣ್ಣ ಹೊಡ್ದಿದಾರೆ."

ಟೀಚರಮ್ಮ ಕೆನ್ನೆಗೆ ಕೈಯಿಟ್ಟುಕೊಂಡರು. "ಹೌದಲ್ವಾ! ಹೋದ ವರ್ಷ ರಿವರ್ಸ್ ತಗೊಳುವಾಗ ಕಂಬಕ್ಕೆ ಗುದ್ದಿದ್ದೆ. ಆ ಮೂಲೆ ತಟ್ಟಿ ಸರಿ ಮಾಡ್ಸಿದ್ದು."

ತಟ್ಟಿದವರು ಬಣ್ಣ ಹೊಡೆದು, ಬಣ್ಣದ ಮೇಲೆಯೇ ಅರ್ತಿನ ಬೋಲ್ಟು ಬಿಗಿದಿದ್ದರು. ತಂತಿ ಕಾರಿನ ಮೈಯನ್ನು ಮುಟ್ಟಿಯೇ ಇರಲಿಲ್ಲ. ವೈರಣ್ಣ ಬೋಲ್ಟು ಬಿಚ್ಚಿ, ರೂಪಾಯಿಯಗಲ ಜಾಗವನ್ನು ಲೋಹ ಮಿನುಗುವವರೆಗೆ ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಬಿಗಿದು, ಮೇಲೆ ಗ್ರೀಸು ಸವರಿದ. ಹತ್ತು ನಿಮಿಷದ ಕೆಲಸ. ಟೀಚರಮ್ಮ ಏಳು ಸಲ ಬ್ರೇಕು ತುಳಿದು ತುಳಿದು ನೋಡಿದರು. ಆಮೇಲೆ ತಮ್ಮ ಶಿಷ್ಯಂದಿರ ಮನೆಯ ಹಳೆಯ ಕಾರುಗಳನ್ನೆಲ್ಲ ಒಂದೊಂದಾಗಿ ಶೆಡ್ಡಿಗೆ ಕಳಿಸಿದರು.

ವೈರಣ್ಣನ ಹೆಂಡತಿ ಆಗಾಗ ಮುನಿಸು ನಟಿಸುತ್ತಾಳೆ: "ನಮ್ಮಮ್ಮ ನನ್ ಜೊತೆ ಊಟ ಆಯ್ತಾ ಅಂತ ಮಾತ್ರ ಕೇಳ್ತಾರೆ. ನಿಮ್ ಜೊತೆ ಆದ್ರೆ ಬೆಳಗಿಂದ ಸಂಜೆವರೆಗೆ ಮಾತು." ಅವಳಿಗೂ ಗೊತ್ತು, ಅಂಗಡಿ ಮುಚ್ಚಿ ಬಂದ ತಾಯಿ ಎರಡು ವರ್ಷ ಕಿಟಕಿಯ ಬಳಿ ಹೇಗೆ ಸುಮ್ಮನೆ ಕೂತಿರುತ್ತಿದ್ದರೆಂದು.

ಹದಿನಾರು ವರ್ಷ ಹೀಗೇ ನಡೆಯಿತು. ಹೋದ ವರ್ಷ ಅತ್ತೆ ಕಪ್ಪು ಎಂದ ತಂತಿಗೆ, ಅಂದರೆ ಕರೆಂಟೇ ಇರಬಾರದ ತಂತಿಗೆ, ಮೊನೆ ತಾಗಿಸಿದರೆ ಲ್ಯಾಂಪು ಹೊತ್ತಿಕೊಂಡಿತು. ಅದು ಕಡುನೀಲಿ ಎಂದು ಇಸ್ತ್ರಿಯವನು ಬಂದು ಹೇಳಿದ. ಮರುವಾರ ಬಿಳಿ ತಂತಿಯನ್ನು ಅತ್ತೆ ಹಳದಿ ಎಂದರು. ವೈರಣ್ಣ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವತ್ತೇ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಪೊರೆ ಬಂದಿತ್ತು. ತೆಗೆದರು. ಒಂದು ತಿಂಗಳು ಧೂಳಿನ ಕಡೆ ಮುಖ ಹಾಕಕೂಡದು ಎಂದರು.

ಆ ತಿಂಗಳು ವೈರಣ್ಣ ಒಬ್ಬನೇ ಶೆಡ್ಡಿನಲ್ಲಿದ್ದ. ಮೂರು ಹಾರ್ನು, ಎರಡು ಕಿಟಕಿ, ಸೀಟಿನಡಿ ಸವೆದ ತಂತಿ ತಾಗಿ ಬ್ಯಾಟರಿ ಇಳಿಸುತ್ತಿದ್ದ ಒಂದು ಮುದಿ ಟ್ಯಾಕ್ಸಿ, ಎಲ್ಲವನ್ನೂ ಸರಿಮಾಡಿದ. ಒಂದೂ ತಪ್ಪಲಿಲ್ಲ. ಲ್ಯಾಂಪು, ಅದನ್ನು ನೋಡಿ ತಾನೇ ಕಟ್ಟಿಕೊಂಡ ಗಂಟು, ತಾಳ್ಮೆ ಇದ್ದರೆ ಬಣ್ಣವಿಲ್ಲದೆಯೂ ಕೆಲಸ ಸಾಗುತ್ತದೆ ಎಂದು ಅವನಿಗೆ ಅರಿವಾಯಿತು. ಬಹುಶಃ ಎಷ್ಟೋ ವರ್ಷದಿಂದ ಹಾಗೇ ಇದ್ದಿರಬೇಕು. ಆದರೂ ಮಧ್ಯಾಹ್ನವಾದರೆ ತಲೆ ಎತ್ತಿ, "ಅತ್ತೆ, ಇದ್ಯಾವುದು?" ಎಂದು ಖಾಲಿ ಸ್ಟೂಲಿಗೆ ಕೇಳಿಬಿಡುತ್ತಿದ್ದ. ಟೈರಿನವನು ಆಚೆಯಿಂದ ಕಿಸಕ್ಕೆನ್ನುತ್ತಿದ್ದ.

ಅತ್ತೆ ಮರಳಿ ಬಂದ ಬೆಳಿಗ್ಗೆ ವೈರಣ್ಣ ದಿಂಬು ಕೊಡವಿ ಹಾಕಿ, ಕೈಹಿಡಿದು ಕೂರಿಸಿ, ತಿಂಗಳಿಡೀ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಶುರು ಮಾಡಿದ.

"ಅತ್ತೆ, ಒಂದ್ ವಿಷಯ. ನೀವಿಲ್ದೇನೂ ಕೆಲಸ ನಡೀತು."

"ನಡೀತಾ?"

"ನಡೀತು. ಆದ್ರೆ ಅವತ್ತು ನೀವು ನನ್ನ ಕೂಗದೇ ಇದ್ದಿದ್ರೆ, ನಾನು ಇವತ್ತಿಗೂ ಆ ಬೆಂಚಿನ ಮೇಲೇ ಕೂತಿರ್ತಿದ್ದೆ. ಅದನ್ನ ನಾನು ಒಂದ್ ಸಲಾನೂ ನಿಮ್ಗೆ ಬಾಯಿಬಿಟ್ಟು..."

"ಸಾಕು ಸಾಕು," ಎಂದರು ಅತ್ತೆ. ಪೊರೆ ತೆಗೆದ ಕಣ್ಣು ತೇವವಾಗಿದ್ದನ್ನು ಸೆರಗಿನ ತುದಿಯಿಂದ ಒತ್ತಿಕೊಂಡರು. ಉಜ್ಜಬಾರದೆಂದು ಡಾಕ್ಟರು ಹೇಳಿದ್ದರು. "ಕೆಲಸ ನಡೀತು ಅಂದ್ಮೇಲೆ ಇನ್ನು ಕೆಲಸಕ್ಕೆ ಅಂತ ಬರಲ್ಲ. ಸುಮ್ನೆ ಬರ್ತೀನಿ."

"ಸುಮ್ನೇ ಬನ್ನಿ ಅತ್ತೆ."

ಹೊರಗೆ ನೀಲಿ ವ್ಯಾನೊಂದು ಬಂದು ನಿಂತಿತು. ಅದರ ವೈಪರುಗಳು ಗಾಜಿನ ನಟ್ಟನಡುವೆ ನೆಟ್ಟಗೆ ನಿಂತುಬಿಟ್ಟಿದ್ದವು. ಓಡಿಸುತ್ತಿದ್ದ ಬೇಕರಿಯವನು ಕತ್ತನ್ನು ಒಂದು ಬದಿಗೆ ವಾಲಿಸಿ, ಅವುಗಳ ಸಂದಿನಿಂದ ರಸ್ತೆ ನೋಡುತ್ತಾ ಬಂದಿದ್ದ. ವೈರಣ್ಣ ಬಾನೆಟ್ಟು ಎತ್ತುವುದರೊಳಗೆ ಅತ್ತೆ ಟೆಸ್ಟ್ ಲ್ಯಾಂಪನ್ನು ತಾವೇ ಕೈಗೆತ್ತಿಕೊಂಡಿದ್ದರು.

"ಇವತ್ತು ನಾನು ಚುಚ್ತೀನಿ," ಎಂದರು. "ಎಲ್ಲಿ ಅಂತ ನೀವು ಹೇಳಿ."