ಮೋರೇರ ಮನೆಯ ಕಂಡಿ

ಆಗಿನ್ನೂ ನಮ್ಮ ಕಡೆಯ ಗುಡ್ಡಗಳಿಗೆ ಪುರಾತತ್ವ ಇಲಾಖೆಯ ಬೋರ್ಡು ಬಂದಿರಲಿಲ್ಲ. ಕಲ್ಲು ಎಷ್ಟು ಹಳೆಯದು ಎಂದು ಕೇಳುವವರೂ ಇರಲಿಲ್ಲ. ಒಂದೊಂದು ಗುಡ್ಡಕ್ಕೆ ಒಂದೊಂದು ಕತೆ ಇತ್ತು, ಅಷ್ಟೇ ಸಾಕಾಗಿತ್ತು. ಗಂಗಾವತಿ ಕಡೆಯ ಅಂಥ ಒಂದು ಗುಡ್ಡದ ಕೆಳಗಿನ ಹಳ್ಳಿಯಲ್ಲಿ ನಾನು ಇಡೀ ಬೇಸಿಗೆ ರಜೆಯನ್ನು ಒಬ್ಬಳೇ ಕಳೆದೆ.

ಒಬ್ಬಳೇ ಎಂದರೆ ದೊಡ್ಡವ್ವನಿಗೆ ಸಿಟ್ಟು ಬರುತ್ತಿತ್ತು. ಅವಳು ಅವ್ವನ ಅಕ್ಕ. ಗಂಡ ಇಲ್ಲ, ಮಕ್ಕಳಿಲ್ಲ, ನಾಲ್ಕಾರು ಆಡು ಇದ್ದವು. ಅವ್ವನಿಗೆ ದಿನ ತುಂಬುವ ಮೊದಲೇ ತೊಂದರೆಯಾಗಿ ಕೊಪ್ಪಳದ ಆಸ್ಪತ್ರೆಗೆ ಸೇರಿಸಿದ್ದರು. ಅಪ್ಪ ನನ್ನನ್ನು ಇಲ್ಲಿಗೆ ತಂದು ಬಿಟ್ಟು, ಸಂಜೆಯ ಬಸ್ಸಿಗೇ ತಿರುಗಿ ಹೋದ. ನನಗಾಗ ಎಂಟು ವರ್ಷ. ಭಾಗ್ಯನಗರದ ನಮ್ಮ ಓಣಿಯಲ್ಲಿ ಆಟಕ್ಕೆ ಒಂದು ಕೂಗು ಹಾಕಿದರೆ ಹಿಂಡು ಮಕ್ಕಳು ಓಡಿ ಬರುತ್ತಿದ್ದರು. ಇಲ್ಲಿ ನನ್ನ ವಾರಿಗೆಯವರೆಲ್ಲ ಭತ್ತದ ಕೊಯ್ಲಿಗೆ ತಾಯಂದಿರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದರು.

ದೊಡ್ಡವ್ವನದು ಮಾತು ಕಡಿಮೆ. ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಅರಿವೆಯಲ್ಲಿ ಕಟ್ಟಿಕೊಂಡು, ಆಡು ಹೊಡೆದುಕೊಂಡು ಗುಡ್ಡ ಹತ್ತುವಳು. ಅವಳ ಹಿಂದೆ ನಾನು. ಮೇಲೆ ಹೋದರೆ ಬಂಡೆಗಳ ನಡುವೆ ಕಲ್ಲಿನ ಮನೆಗಳ ಒಂದು ಊರೇ ಇತ್ತು. ಸುತ್ತ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿಗೆ ಕೊರೆದ ದುಂಡನೆಯ ಕಂಡಿ. ಕಾದ ಕಲ್ಲಿನ ವಾಸನೆಗೆ ಒಣಹುಲ್ಲಿನ ವಾಸನೆ ಕೂಡಿಕೊಂಡಿರುತ್ತಿತ್ತು.

“ಯಾರ ಮನಿ ಇವು ದೊಡ್ಡವ್ವಾ?”

“ಮೋರೇರವು. ಗಿಡ್ಡ ಮಂದಿ ಅವರು, ನಿನ್ನಷ್ಟ ಇದ್ರಂತ. ಬೆಂಕಿ ಮಳಿ ಬರತೈತಿ ಅಂತ ತಿಳದು ಕಲ್ಲಿನ ಮನಿ ಕಟಗೊಂಡ್ರಂತ.”

“ಉಳದ್ರೇನ?”

“ಯಾರಿಗೆ ಗೊತ್ತವ್ವಾ.”

ನಿನ್ನಷ್ಟ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಧ್ಯಾಹ್ನ ಉಣ್ಣಲು ಕೂತಾಗ ದೊಡ್ಡವ್ವ ಮೊದಲು ಒಂದು ಚೂರು ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಎದುರಿನ ಕಂಡಿಯ ಅಂಚಿಗೆ ಇಟ್ಟಳು. ಹೊಲದಲ್ಲಿ ಉಣ್ಣುವ ಮೊದಲು ಭೂಮಿತಾಯಿಗೆ ತುತ್ತು ಚೆಲ್ಲುವುದನ್ನು ನೋಡಿದ್ದೆ. ಇದು ಹೊಸದು.

“ಅವರ ಅಂಗಳದಾಗ ಕುಂತು ಉಣ್ಣಾಕತ್ತೀವಿ. ಅವರನ್ನ ಬಿಟ್ಟು ಹೆಂಗ ಉಣ್ಣೂದು?” ಎಂದಳು.

ಮರುದಿನ ನೋಡಿದರೆ ಚೂರು ಇರಲಿಲ್ಲ. ನನ್ನ ಲೆಕ್ಕ ಸೀದಾ ಇತ್ತು. ರೊಟ್ಟಿ ಖಾಲಿಯಾಗಿದೆ ಎಂದರೆ ಒಳಗೆ ಯಾರೋ ಇದ್ದಾರೆ, ನನ್ನಷ್ಟೇ ಎತ್ತರದವರು.

ಅವತ್ತಿನಿಂದ ದೊಡ್ಡವ್ವ ನೆರಳಲ್ಲಿ ಅಡ್ಡಾದ ಕೂಡಲೇ ನಾನು ಆ ಕಂಡಿಗೆ ಬಾಯಿ ಇಡುತ್ತಿದ್ದೆ. ಹೆಸರು ಕೇಳಿದೆ. ಅವ್ವನ ಸುದ್ದಿ ಹೇಳಿದೆ. ಅಪ್ಪ ತಿರುಗಿ ನೋಡದೆ ಬಸ್ಸು ಹತ್ತಿದ್ದನ್ನೂ ಹೇಳಿದೆ, ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ನನ್ನ ದನಿಯೇ ದಪ್ಪಗಾಗಿ ತಿರುಗಿ ಬರುತ್ತಿತ್ತು. ಆಟಕ್ಕೆಂದು ನುಣುಪಾದ ಹರಳು ಆರಿಸಿ ಇಟ್ಟೆ. ರೊಟ್ಟಿ ಹೋಗುತ್ತಿತ್ತು, ಹರಳು ಹಾಗೇ ಇರುತ್ತಿದ್ದವು. ನಾಚಿಕೆ ಸ್ವಭಾವ ಇರಬೇಕು ಎಂದುಕೊಂಡೆ. ರಜೆ ಮುಗಿಯುವುದರೊಳಗೆ ಹೇಗಾದರೂ ಮಾಡಿ ಅವಳನ್ನು ಹೊರಗೆ ಕರೆಯಬೇಕಿತ್ತು. ಹುಡುಗಿಯೇ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಬಂಡೆಯ ಮರೆಗೆ ಕೂತು ಕಾದೆ. ಬಂದದ್ದು ನಮ್ಮ ಮುರುಕ ಕೋಡಿನ ಆಡು. ಕುತ್ತಿಗೆ ಚಾಚಿ ಚೂರನ್ನು ನಾಲಿಗೆಗೆ ಎಳೆದುಕೊಂಡು, ನನ್ನನ್ನೇ ನೋಡುತ್ತ ಮೆಲ್ಲತೊಡಗಿತು. ಓಡಿಹೋಗಿ ಕಂಡಿಯೊಳಗೆ ತಲೆ ತೂರಿಸಿದೆ. ಕತ್ತಲು, ಮಣ್ಣು, ಬಾವಲಿ ವಾಸನೆ. ಯಾರೂ ಇರಲಿಲ್ಲ. ಆ ಬೇಸಿಗೆಯ ಅಳುವೆಲ್ಲ ಒಂದೇ ಸಲಕ್ಕೆ ಬಂತು.

ದೊಡ್ಡವ್ವ ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬಂದಳು. “ಯಾಕವ್ವಾ, ಚೇಳು ಕಡೀತೇನ?”

“ಒಳಗ ಯಾರೂ ಇಲ್ಲ! ಆಡು ತಿಂತಾವ!”

“ನನಗ ಗೊತ್ತೈತಿ.”

“ಗೊತ್ತಿದ್ರೂ ಯಾಕ ಇಡ್ತೀ?”

ಅವಳು ನನ್ನ ಮೂಗು ಒರೆಸಿದಳು.

“ನಿಮ್ಮ ದೊಡ್ಡಪ್ಪ ಹ್ವಾದಮ್ಯಾಲ ಒಬ್ಬಾಕಿನ ಉಣ್ಣಾಕ ಕುಂತ್ರ ತುತ್ತು ಗಂಟಲಾಗ ಇಳೀತಿದ್ದಿಲ್ಲವ್ವಾ. ಇವರಿಗೆ ಇಡಾಕ ಹತ್ತಿದಮ್ಯಾಲ ಇಳದೈತಿ.”

ದೊಡ್ಡವ್ವನ ಮನೆಯಲ್ಲಿ ಒಂಟಿಯಾಗಿದ್ದವಳು ನಾನೊಬ್ಬಳೇ ಅಲ್ಲ ಎಂದು ನನಗೆ ಗೊತ್ತಾದದ್ದು ಆಗ. ಕಂಡಿಯ ಅಂಚಿನ ಹರಳುಗಳನ್ನು ತಂದು ಅವಳ ಮುಂದೆ ಸುರಿದೆ. “ಹುಚ್ಚಿ,” ಎಂದಳು. ಆದರೂ ಒಂದನ್ನು ಮೇಲಕ್ಕೆ ಹಾರಿಸಿ, ಉಳಿದವನ್ನು ಬಾಚಿ, ಅದು ಬೀಳುವಷ್ಟರಲ್ಲಿ ಅದೇ ಕೈಯಲ್ಲಿ ಹಿಡಿದಳು. “ಸೋತಿ ನೋಡು ಖೋಡಿ!” ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ರಜೆ ಮುಗಿಯುವ ತನಕ ನಾವಿಬ್ಬರೂ ಅಲ್ಲಿ ಆಡಿದೆವು. ಆಟದಲ್ಲಿ ಅವಳು ಭಾರಿ ಅಂಚಿಗಾರ್ತಿ, ಮೋಸ ಮಾಡಿಯಾದರೂ ಗೆಲ್ಲುವಳು. ಕೊನೆಗೆ ತಮ್ಮ ಹುಟ್ಟಿದ, ಅವ್ವ ಉಳಿದಳು, ಅಪ್ಪ ಕರೆಯಲು ಬಂದ. ನಾನು ಕುಣಿಯುತ್ತ ಬಸ್ಸು ಹತ್ತಿದೆ. “ಮುಂದಿನ ರಜಾಕ್ಕ ಬಾರವ್ವಾ” ಎಂದಳು. ಎರಡು ರಜೆಗೆ ಹೋದೆ. ಆಮೇಲೆ ಓದು, ಪರೀಕ್ಷೆ, ಮದುವೆ ಎಂದು ಹೋಗುವುದು ನಿಂತೇಹೋಯಿತು.

ಈಗ ಆ ಗುಡ್ಡಕ್ಕೆ ಬೋರ್ಡು ಬಂದಿದೆ. ಅವು ಮನೆಗಳಲ್ಲ, ಸಾವಿರಾರು ವರ್ಷ ಹಿಂದಿನ ಸಮಾಧಿಗಳು ಎನ್ನುತ್ತಾರೆ ತಿಳಿದವರು. ಹೌದಿರಬೇಕು. ದೊಡ್ಡವ್ವ ತೀರಿಕೊಂಡ ಮೇಲೆ ಒಮ್ಮೆ ಹತ್ತಿ ಬಂದೆ. ಶಾಲೆಯ ಮಕ್ಕಳು ಗುಂಪುಗುಂಪಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಂಡಿಗೆ ಬಾಯಿಟ್ಟು ಒಂದು ಸಲ ಕರೆಯಬೇಕೆನಿಸಿತು. ಯಾರನ್ನು ಕರೆಯಲಿ? ಮೋರೇರಿಲ್ಲ ಎಂಬುದು ಎಂಟನೇ ವಯಸ್ಸಿಗೇ ಗೊತ್ತಾಗಿತ್ತು. ಆದರೂ ಆಗ ದೊಡ್ಡವ್ವ ಇದ್ದಳು, ಗುಡ್ಡ ಖಾಲಿ ಅನಿಸಿರಲಿಲ್ಲ. ಈಗ ಅಲ್ಲಿ ನಿಜಕ್ಕೂ ಯಾರೂ ಇಲ್ಲ.